ಮೊಬೈಲಿನಲ್ಲಿ ಚೆಂದ, ಗೋಡೆ ಮೇಲೆ ಮಂಕು: ನಾಟಕದ ಪೋಸ್ಟರ್ ಯಾಕೆ ಹೀಗಾಗುತ್ತದೆ?

ಪ್ರಶ್ನೆ: ನಾವು ಮಡಿಕೇರಿಯ ಕಾಲೇಜು ವಿದ್ಯಾರ್ಥಿಗಳು. ನಮ್ಮ ನಾಟಕಕ್ಕೆ ನಾವೇ ಪೋಸ್ಟರ್ ಮಾಡಿದೆವು. ಮೊಬೈಲಿನಲ್ಲಿ ಸೂಪರ್ ಆಗಿತ್ತು. ಪ್ರಿಂಟ್ ಹಾಕಿಸಿದರೆ ಮಂಕು, ಅಕ್ಷರಗಳೂ ಒಡೆದಿವೆ. ತಪ್ಪು ಪ್ರಿಂಟಿಂಗ್ ಅಂಗಡಿಯವರದ್ದಾ?

ಉತ್ತರ: ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ನಿಮ್ಮ ಫೈಲ್ ನೋಡಿ. ಜಾಸ್ತಿ ಸಲ ಎಡವಟ್ಟು ಅಲ್ಲೇ ಇರುತ್ತದೆ.

ನಾಟಕ ಅಂದ ಕೂಡಲೇ ಕಪ್ಪು ಹಿನ್ನೆಲೆ, ಅದರ ಮೇಲೆ ಕಡುಗೆಂಪು ಅಕ್ಷರ, ಪಕ್ಕದಲ್ಲಿ ನೆರಳು ಬಿದ್ದ ಅರ್ಧ ಮುಖ. ನಿಮ್ಮದೂ ಹೀಗೇ ಇದೆ ಅಲ್ವಾ? ಮೊಬೈಲ್ ತಾನೇ ಬೆಳಕು ಬೀರುತ್ತದೆ, ಹಾಗಾಗಿ ಕಪ್ಪಿನ ಮೇಲಿನ ಕೆಂಪೂ ಹೊಳೆಯುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಸ್ಕ್ರೀನು ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ತೋರಿಸಿದರೆ, ಪ್ರಿಂಟಿಂಗ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ. ಸ್ಕ್ರೀನಿನ ಕಣ್ಣು ಕುಕ್ಕುವ ಹಸಿರು, ನೀಲಿ ಈ ನಾಲ್ಕು ಶಾಯಿಗೆ ದಕ್ಕುವುದೇ ಇಲ್ಲ. ಅದಕ್ಕೇ ಫೈಲನ್ನು ಮೊದಲೇ ಸಿಎಂವೈಕೆಗೆ, ಅಂದರೆ ಈ ನಾಲ್ಕು ಶಾಯಿಯ ಲೆಕ್ಕಕ್ಕೆ, ಬದಲಿಸಿ ನೋಡಿಕೊಳ್ಳಬೇಕು.

ಇನ್ನು ನಮ್ಮೂರಿನ ಮಳೆಗಾಲ. ಮಂಜು ಇಳಿದರೆ ಮಧ್ಯಾಹ್ನವೇ ಸಂಜೆ ಆದ ಹಾಗೆ. ಆ ಬೆಳಕಲ್ಲಿ ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ ಕಪ್ಪು ಪೋಸ್ಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನನ್ನು ಕೇಳಿದರೆ ಹಳದಿ ಅಥವಾ ಬಿಳಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರ. ದುರಂತ ನಾಟಕವಾದರೂ ಅಷ್ಟೇ!

ಅಕ್ಷರ ಒಡೆಯುವುದು ಬೇರೆ ಕಥೆ. ‘ಗೋಣಿಕೊಪ್ಪ’ ಅಂತ ಟೈಪ್ ಮಾಡಿದರೆ ‘ಗೋಣಿಕೊಪ್‌ಪ’ ಅಂತ ಬರುತ್ತಿದ್ದರೆ ಸಾಫ್ಟ್‌ವೇರಿಗೆ ಒತ್ತಕ್ಷರ ಕೂಡಿಸಲು ಬರುತ್ತಿಲ್ಲ ಎಂದರ್ಥ. ಹಳೇ ಫೋಟೋಶಾಪ್ ಆದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಯೂನಿಕೋಡ್ ಫಾಂಟಿಗೆ ಅಂಟಿಸಿದರೂ ಬರೀ ಗೀಚಾಟ ಕಾಣುತ್ತದೆ, ಅದನ್ನು ಮೊದಲು ಕನ್ವರ್ಟ್ ಮಾಡಬೇಕು. ಶೀರ್ಷಿಕೆಗೆ ‘ಬಾಲೂ ತಮ್ಮ’ ತರದ ದಪ್ಪ ಫಾಂಟ್, ಉಳಿದದ್ದಕ್ಕೆ ‘ನೋಟೋ ಸಾನ್ಸ್ ಕನ್ನಡ’ ಸಾಕು. ಎರಡೂ ಪುಕ್ಕಟೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಇಂಗ್ಲಿಷಿನ ಲೆಕ್ಕದಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂಗಡಿಗೆ ಕೊಡುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಬಿಟ್ಟರೆ, ಅಂದರೆ ಚಿತ್ರದಂತಹ ಆಕಾರಗಳಾಗಿ ಬದಲಿಸಿದರೆ, ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ತೊಂದರೆಯಿಲ್ಲ. ಆಮೇಲೆ ತಿದ್ದಲು ಬರುವುದಿಲ್ಲ, ಒಂದು ಕಾಪಿ ಇಟ್ಟುಕೊಳ್ಳಿ.

ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಎ3 ಸೈಜಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕೆಂದರೆ 3508 × 4961 ಪಿಕ್ಸೆಲ್ ಇರಬೇಕು. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ.

ಹೊರಗೆ ಅಂಟಿಸುವುದಾದರೆ ಲೇಸರ್ ಪ್ರಿಂಟ್ ಕೇಳಿ. ಸಾಮಾನ್ಯ ಇಂಕ್‌ಜೆಟ್ ಶಾಯಿ ಒಂದು ಮಳೆಗೆ ಇಳಿದುಹೋಗುತ್ತದೆ. ಲೇಸರ್ ಟೋನರ್ ಕರಗುವುದಿಲ್ಲ, ಕಾಗದ ನೆನೆದು ಹರಿಯಬಹುದು ಅಷ್ಟೇ. ಅಂಗಡಿಯ ಸೂರಿನ ಕೆಳಗೆ, ಮಾಲೀಕರನ್ನು ಕೇಳಿ ಅಂಟಿಸಿ.

ಐವತ್ತು ಕಾಪಿ ಹಾಕಿಸುವ ಮೊದಲು ಎ4ನಲ್ಲಿ ಒಂದೇ ಒಂದು ತೆಗೆಸಿ. ಎ3, ಎ4 ಎರಡರ ಅಳತೆಯ ಅನುಪಾತ ಒಂದೇ, ಹಾಗಾಗಿ ಏನೂ ಕತ್ತರಿಸಿಹೋಗುವುದಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಲೈಟ್ ಹಾಕದೆ ಗೋಡೆಗೆ ಹಚ್ಚಿ, ಹತ್ತು ಹೆಜ್ಜೆ ಹಿಂದೆ ನಿಲ್ಲಿ. ನಾಟಕದ ಹೆಸರು, ದಿನ, ಜಾಗ ಓದಲು ಆಗುತ್ತಿಲ್ಲವಾದರೆ ಸ್ವಾಗತ ಸಮಿತಿಯವರ ಹೆಸರುಗಳನ್ನೆಲ್ಲ ತೆಗೆದು ಕರಪತ್ರಕ್ಕೆ ಹಾಕಿ.