ಎಲ್ಮ್‌ನ ನಾಡಿ ಎಲ್ಲಿ ಹಿಡಿದು ನೋಡ್ಬೇಕು?

ನಮ್ಮೂರ ಹಾಲಿನ ಡೇರಿಗೆ ಅಂತ 2020ರಲ್ಲಿ ಒಂದು ಸಣ್ಣ ವೆಬ್ ಪೇಜ್ ಮಾಡಿಕೊಟ್ಟಿದ್ದೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಹಾಕಿದ್ರೆ ಲೀಟರಿಗೆ ಎಷ್ಟು ರೇಟು ಅಂತ ತೋರಿಸತ್ತೆ, ಅಷ್ಟೇ ಅದರ ಕೆಲಸ. ಬರೆದಿದ್ದು ಎಲ್ಮ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ, ವೆಬ್ ಪೇಜ್ ಮಾಡೋಕೇ ಇರೋದು ಅದು. ಮೊನ್ನೆ ರೇಟ್ ಚಾರ್ಟ್ ಬದಲಾಗಿದೆ ಅಂತ ಫೋನ್ ಬಂತು, ಹಳೇ ಫೋಲ್ಡರ್ ತೆಗೆದು ಎರಡು ನಂಬರ್ ತಿದ್ದಿ ಪೇಜ್ ಮತ್ತೆ ಕಟ್ಟೋಕೆ ಎಲ್ಮ್ ಮೇಕ್ ಅಂತ ಕಮಾಂಡ್ ಹೊಡೆದೆ, ಸಕ್ಸೆಸ್ ಅಂತ ಬಂತು, ಚಹಾ ಆರೋದ್ರೊಳಗೆ ಕೆಲಸ ಮುಗೀತು. ಅದೇ ವರ್ಷ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದ್ದ ಇನ್ನೊಂದು ಪ್ರಾಜೆಕ್ಟ್ ಇದೆ, ಅದನ್ನ ಎಬ್ಬಿಸಿ ಓಡಿಸೋಕೆ ಕಳೆದ ಸಲ ಅರ್ಧ ದಿನ ಹೋಗಿತ್ತು.

ಆದ್ರೆ ಎಲ್ಮ್ ಅಂತ ಬಾಯಿಬಿಟ್ರೆ ಸಾಕು, ಎದುರಿಗಿರೋರು ಕೇಳೋದು ಒಂದೇ ಪ್ರಶ್ನೆ, ಅದಿನ್ನೂ ಬದುಕಿದ್ಯಾ?

ಕೇಳೋದ್ರಲ್ಲಿ ತಪ್ಪೇನಿಲ್ಲ. ಇವಾನ್ ಚಾಪ್ಲಿಕಿ 2012ರಲ್ಲಿ ಹಾರ್ವರ್ಡ್‌ನಲ್ಲಿ ಓದ್ತಿದ್ದಾಗ ಬರೆದ ಥೀಸಿಸ್‌ನಿಂದ ಹುಟ್ಟಿದ ಭಾಷೆ ಇದು. ಕೆಲವು ವರ್ಷ ಓಡೋ ಕುದುರೆ ಥರ ಇತ್ತು, ವೆಬ್ ಪೇಜ್ ಕಟ್ಟೋಕೆ ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸೋರಿಗೆಲ್ಲ ಗೊತ್ತಿರೋ ರಿಡಕ್ಸ್ ಲೈಬ್ರರಿ ಕೂಡ ಎಲ್ಮ್‌ನಿಂದ ಐಡಿಯಾ ತಗೊಂಡಿದ್ದು ಅಂತ ಅದರ ಡಾಕ್ಯುಮೆಂಟೇಶನ್ನಲ್ಲೇ ಬರೆದಿದೆ. 2018ರ ಆಗಸ್ಟ್‌ನಲ್ಲಿ 0.19 ಬಂತು, 2019ರ ಅಕ್ಟೋಬರ್‌ನಲ್ಲಿ 0.19.1 ಬಂತು, ಆಮೇಲೆ ಐದು ವರ್ಷ ದಾಟಿದ್ರೂ ಆ ನಂಬರ್ ಅಲ್ಲೇ ನಿಂತಿತ್ತು. ರಸ್ಟ್ ಅನ್ನೋ ಭಾಷೆಗೆ ಆರು ವಾರಕ್ಕೊಂದು ಹೊಸ ವರ್ಶನ್ ಬರತ್ತೆ, ಪೈಥಾನ್‌ಗೆ ವರ್ಷಕ್ಕೊಂದು, ಅದನ್ನೇ ನೋಡಿ ಅಭ್ಯಾಸ ಆದವರಿಗೆ ಕೋಡ್ ಇಡೋ ಗಿಟ್‌ಹಬ್ ತಾಣದಲ್ಲಿ, ಕೆಲಸ ನಡೆದ ದಿನಗಳನ್ನ ತೋರಿಸೋ ಹಸಿರು ಚೌಕಗಳಿಲ್ಲದ ಪ್ರಾಜೆಕ್ಟ್ ಕಂಡ್ರೆ ಎದೆ ಧಸಕ್ ಅನ್ನೋದು ಸಹಜ.

ಆದ್ರೆ ಆ ಹಸಿರು ಚೌಕ ತೋರಿಸೋದು ರಿಪೇರಿ ಎಷ್ಟು ನಡೀತಿದೆ ಅನ್ನೋದನ್ನ, ನಮ್ಮ ಪ್ರೋಗ್ರಾಮ್ ಓಡತ್ತೋ ಇಲ್ವೋ ಅನ್ನೋದು ಬೇರೆ ವಿಷಯ. ಎಲ್ಮ್ ಕಂಪೈಲರ್ ನಾವು ಬರೆದಿದ್ದನ್ನ ಓದಿ ಕೊನೆಗೆ ಒಂದು ಜಾವಾಸ್ಕ್ರಿಪ್ಟ್ ಫೈಲ್ ಮಾಡಿಕೊಡತ್ತೆ, ಅದು ಬ್ರೌಸರ್‌ನಲ್ಲಿ ಓಡತ್ತೆ. ಬ್ರೌಸರ್ ಮಾಡೋರು ಹಳೇ ಜಾವಾಸ್ಕ್ರಿಪ್ಟ್ ಮುರಿಯದ ಹಾಗೆ ತುಂಬಾ ಎಚ್ಚರಿಕೆ ವಹಿಸ್ತಾರೆ, ಯಾಕಂದ್ರೆ ಮುರಿದ್ರೆ ಜಗತ್ತಿನ ಲೆಕ್ಕವಿಲ್ಲದಷ್ಟು ಹಳೇ ವೆಬ್‌ಸೈಟ್‌ಗಳು ಒಂದೇ ದಿನ ಬಿದ್ದುಹೋಗ್ತವೆ. ಅಂದ್ರೆ ಎಲ್ಮ್ ನಿಂತಿರೋ ನೆಲ ಅಲ್ಲಾಡೋದು ಬಹಳ ಕಮ್ಮಿ, ಅದಕ್ಕೇ 2019ರ ಕಂಪೈಲರ್ ಕೊಟ್ಟ ಫೈಲ್ ಇವತ್ತಿನ ಕ್ರೋಮ್‌ನಲ್ಲಿ ಸುಮ್ಮನೆ ಓಡತ್ತೆ. ಡೊನಾಲ್ಡ್ ನೂತ್ ಅವರ ಟೆಕ್ (TeX) ಅನ್ನೋ ಪುಟವಿನ್ಯಾಸದ ಸಾಫ್ಟ್‌ವೇರ್ ಇನ್ನೂ ನಿಧಾನ, ಅದರ ವರ್ಶನ್ ನಂಬರ್ ಪೈ ಬೆಲೆಗೆ ಒಂದೊಂದೇ ಅಂಕಿ ಹತ್ತಿರ ಆಗ್ತಾ ಹೋಗತ್ತೆ, 2021ರಲ್ಲಿ 3.141592653 ಆಯ್ತು, ಗಣಿತದ ಎಷ್ಟೋ ಪುಸ್ತಕಗಳು ಈಗಲೂ ಅದನ್ನ ನೆಚ್ಚಿಕೊಂಡೇ ಅಚ್ಚಾಗ್ತಿವೆ.

ಎಲ್ಮ್ ಯಾಕೆ ಇಷ್ಟ ಅಂತ ಕೇಳಿದ್ರೆ ಡೇರಿ ಪೇಜ್‌ನದೇ ಒಂದು ಸಂಗತಿ ಹೇಳ್ತೀನಿ. ಫ್ಯಾಟ್ ಬಾಕ್ಸ್‌ನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ಗೆ ಬರಿ ಅಕ್ಷರಗಳು, ಸಂಖ್ಯೆ ಅಲ್ಲ. ಅದನ್ನ ನೇರ ಲೆಕ್ಕಕ್ಕೆ ಕೊಟ್ಟೆ. ಕಂಪೈಲರ್ ನಿಲ್ಲಿಸ್ತು, ಸಾಲು ಎತ್ತಿ ತೋರಿಸಿ, ಇಲ್ಲಿ ನನಗೆ ದಶಮಾಂಶ ಸಂಖ್ಯೆ ಬೇಕಿತ್ತು ನೀನು ಅಕ್ಷರ ಕೊಟ್ಟಿದೀಯ, ಬದಲಾಯಿಸೋಕೆ ಈ ಫಂಕ್ಷನ್ ಬಳಸು ಅಂತ ಪಕ್ಕದಲ್ಲಿ ಕೂತು ಹೇಳಿಕೊಡೋರ ಥರ ಹೇಳ್ತು. ಆ ಫಂಕ್ಷನ್ ಹಾಕಿದ್ರೂ ಬಿಡಲಿಲ್ಲ, ಬಾಕ್ಸ್ ಖಾಲಿ ಇದ್ರೆ ಏನ್ ಮಾಡ್ತೀಯ, 4.2 ಬದಲು 4,2 ಅಂತ ಹೊಡೆದ್ರೆ ಏನ್ ಮಾಡ್ತೀಯ, ಅದಕ್ಕೂ ಉತ್ತರ ಬರಿ ಅಂತ ಹಟ ಹಿಡೀತು. ಬರೆದೆ. ಬೆಳಗಿನ ಜಾವ ಕ್ಯಾನ್ ಹಿಡಿದು ಸಾಲಲ್ಲಿ ನಿಂತ ಜನರ ಮುಂದೆ ಆ ಸ್ಕ್ರೀನ್ ಒಂದು ದಿನಾನೂ ಬೆಳ್ಳಗಾಗಿ ನಿಂತಿಲ್ಲ. ಇಂಥ ಎರರ್ ಮೆಸೇಜ್ ಬರೆಯೋದನ್ನ ರಸ್ಟ್‌ನವರೂ ಎಲ್ಮ್ ನೋಡಿ ಕಲಿತರು ಅನ್ನೋದು ನನಗೆ ಈಗಲೂ ಹೆಮ್ಮೆ.

ಹಾಗಂತ ಎಲ್ಲಾ ಚೆನ್ನಾಗಿದೆ ಅಂದ್ರೆ ಅದು ಸುಳ್ಳಾಗತ್ತೆ, ನನಗೆ ನಿಜವಾಗ್ಲೂ ಹೆದರಿಕೆ ಇರೋದು ಬೇರೆ ಕಡೆ. 0.19ರಿಂದ ಈಚೆಗೆ ಒಳಗಿನ ಜಾವಾಸ್ಕ್ರಿಪ್ಟ್ ಮುಟ್ಟೋ ಅಧಿಕಾರ ಎಲ್ಮ್‌ನ ಅಧಿಕೃತ ಪ್ಯಾಕೇಜ್‌ಗಳಿಗೆ (ಬೇರೆಯವರು ಬಳಸ್ಲಿ ಅಂತ ಮೊದಲೇ ಬರೆದಿಟ್ಟ ಕೋಡಿನ ಕಟ್ಟುಗಳಿಗೆ) ಮಾತ್ರ ಇದೆ, ಹೊರಗಿನವರಿಗೆ ಇಲ್ಲ. ಹಾಗಾಗಿ ಕೋರ್ ಪ್ಯಾಕೇಜ್‌ನಲ್ಲಿ ತಪ್ಪು ಸಿಕ್ಕಿದ್ರೆ, ಸರಿ ಮಾಡಿದ ಕೋಡ್ ಕೈಯಲ್ಲೇ ಇದ್ರೂ, ಬಿಡುಗಡೆ ಮಾಡೋಕೆ ಬೀಗದ ಕೈ ನಮ್ಮ ಹತ್ರ ಇಲ್ಲ. ಎಲ್ಮ್ ಜಾನಿಟರ್ ಅಂತ ಒಂದು ಗುಂಪು ಅಂಥ ತಿದ್ದುಪಡಿಗಳನ್ನೆಲ್ಲ ಒಂದು ಕಡೆ ಕೂಡಿಹಾಕಿದೆ, ಬೇಕಾದವರು ತಮ್ಮ ಕಂಪ್ಯೂಟರ್‌ನಲ್ಲಿ ಇಳಿದಿರೋ ಪ್ಯಾಕೇಜ್ ಮೇಲೆ ಅದನ್ನ ಹಚ್ಚಿಕೊಳ್ಬೇಕು, ಒಳ್ಳೆ ಕೆಲಸ, ಆದ್ರೆ ಮುಂಬಾಗಿಲಿಗೆ ಬೀಗ ಇರೋದ್ರಿಂದ ಹಿತ್ತಲಿಂದ ಓಡಾಡೋ ಹಾಗೆ. ಇನ್ನೊಂದು, ಪ್ಯಾಕೇಜ್‌ಗಳ ಕೋಡ್ ಇಳಿಯೋದು ಅದನ್ನ ಬರೆದವರ ಗಿಟ್‌ಹಬ್ ಖಾತೆಯಿಂದ. ಎಲ್ಮ್‌ನ ಸರ್ವರ್‌ನಲ್ಲಿ ವಿಳಾಸ ಮತ್ತು ಹ್ಯಾಶ್, ಅಂದ್ರೆ ಫೈಲಿನ ಬೆರಳಚ್ಚು ಥರದ ಒಂದು ಗುರುತು, ಇರತ್ತೆ, ಬಂದ ಫೈಲ್ ಅದೇನಾ ಅಂತ ತಾಳೆ ನೋಡೋಕೆ. ಬರೆದವರು ಖಾತೆ ಅಳಿಸಿಬಿಟ್ರೆ ಹ್ಯಾಶ್ ಉಳಿಯತ್ತೆ, ಕೋಡ್ ಹೋಗತ್ತೆ.

ಸಿಟ್ಟಾದವರು ಬೇರೆ ದಾರಿ ಹಿಡಿದ್ರು, ಎಲ್ಮ್‌ನ ಕೋಡ್ ನಕಲು ಮಾಡಿಕೊಂಡು ಬೇರೆಯಾಗಿ ಬೆಳೆಸೋದಕ್ಕೆ ಫೋರ್ಕ್ ಅಂತಾರೆ, ಹಾಗೆ ಗ್ರೆನ್ ಅನ್ನೋ ಫೋರ್ಕ್ ಹುಟ್ಟಿತು, ಲ್ಯಾಮ್‌ಡೆರಾ ಅಂತ ಸರ್ವರ್ ಕಡೆಗೂ ಎಲ್ಮ್ ತಗೊಂಡು ಹೋದವರಿದ್ದಾರೆ. ಇದನ್ನೆಲ್ಲ ಸಾವಿನ ಲಕ್ಷಣ ಅಂತಾರೆ ಕೆಲವರು, ನಾನು ಒಪ್ಪಲ್ಲ, ಬಳಸೋರೇ ಇಲ್ಲದ ಭಾಷೆಗೆ ಫೋರ್ಕ್ ಮಾಡೋ ಕಷ್ಟ ಯಾರು ತಗೋತಾರೆ?

ಮತ್ತೆ ಈ ಬದುಕಿದ್ಯಾ ಸತ್ತಿದ್ಯಾ ಅನ್ನೋ ಪ್ರಶ್ನೆನ ಪದೇ ಪದೇ ಮುಖಕ್ಕೆ ಹೊಡೆದಂಗೆ ಕೇಳೋದ್ರಿಂದ ಏನಾಗತ್ತೆ ಅಂತ ಎಕ್ಸ್‌ಝಡ್ ಕಥೆ ಗೊತ್ತಿರೋರಿಗೆ ಗೊತ್ತು. ಲಿನಕ್ಸ್‌ನಲ್ಲೆಲ್ಲ ಇರೋ ಒಂದು ಕಂಪ್ರೆಶನ್ ಸಾಫ್ಟ್‌ವೇರ್ ಅದು, ಹೆಚ್ಚುಕಮ್ಮಿ ಒಬ್ಬರೇ ನೋಡ್ಕೋತಿದ್ರು. 2022ರಲ್ಲಿ ಯಾರು ಅಂತ ಗೊತ್ತಿಲ್ಲದ ಕೆಲವು ಹೆಸರುಗಳು ಬಂದು, ಕೆಲಸ ಯಾಕಿಷ್ಟು ನಿಧಾನ, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ ಅಂತ ಒತ್ತಾಯ ಮಾಡಿದ್ವು. ನೋಡ್ಕೋತಿದ್ದವರು ದಣಿದಿದ್ರು, ತಮ್ಮ ಮಾನಸಿಕ ಆರೋಗ್ಯದ ಬಗ್ಗೆನೂ ಹೇಳಿಕೊಂಡಿದ್ರು. ಸಹಾಯಕ್ಕೆ ಅಂತ ಹತ್ತಿರ ಬಂದವನೇ ಅಧಿಕಾರ ಪಡೆದು 2024ರ 5.6.0 ವರ್ಶನ್‌ನಲ್ಲಿ ಕಳ್ಳಬಾಗಿಲು ಇಟ್ಟ. ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಬೆನ್ನುಹತ್ತಿದ್ದಕ್ಕೆ ಆ ಮಾರ್ಚ್‌ನಲ್ಲಿ ಸಿಕ್ಕಿಬಿತ್ತು. ನಿಧಾನವಾಗಿ ಕೆಲಸ ಮಾಡೋರನ್ನ ದಬಾಯಿಸೋದು ನೋಡಿದ್ರೆ ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಹಾಗಾಗಿ ನಾನು ನಾಡಿ ನೋಡೋದು ಬೇರೆ ಥರ. ಮೊನ್ನೆ ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಹಳೇದೇನೂ ಇಲ್ಲ, ಎಲ್ಮ್ ಇನ್‌ಸ್ಟಾಲ್ ಮಾಡಿ ಡೇರಿ ಪ್ರಾಜೆಕ್ಟ್ ಮೊದಲಿಂದ ಬಿಲ್ಡ್ ಮಾಡಿದೆ. ಪ್ಯಾಕೇಜ್‌ಗಳೆಲ್ಲ ಒಂದೊಂದಾಗಿ ಇಳಿದ್ವು, ಹ್ಯಾಶ್ ತಾಳೆ ಆಯ್ತು, ಪೇಜ್ ತೆರೀತು, 4.2 ಫ್ಯಾಟ್ ಹಾಕಿ ರೇಟು ನೋಡಿದೆ, ಸರಿ ಇತ್ತು. ಆಮೇಲೆ ಆ ಪ್ಯಾಕೇಜ್‌ಗಳು ಇಳಿದಿದ್ದ ಫೋಲ್ಡರನ್ನ ಕಂಪೈಲರ್ ಸಮೇತ ಝಿಪ್ ಮಾಡಿ ಒಂದು ಪೆನ್‌ಡ್ರೈವ್‌ಗೆ ಹಾಕಿ ಡೇರಿ ಸೆಕ್ರೆಟರಿ ಅವರ ಕೈಗೆ ಕೊಟ್ಟು, ಇದನ್ನ ಕ್ಯಾಶ್ ಡಬ್ಬಿ ಜೊತೆ ಇಟ್ಟಿರಿ ಸಾರ್ ಅಂತ ಹೇಳಿ ಬಂದೆ.