ದುಬಾರಿ ಆಡಿಯೊ ಕೆಲವರ ಹುಚ್ಚಾಗಿಯೇ ಏಕೆ ಉಳಿಯಿತು? ಹಾಲ್‌ನ ಲೆಕ್ಕ

ಗೃಹಪ್ರವೇಶ ಮುಗಿದು, ಸಾಮಾನು ಇನ್ನೂ ಬರದ ಹೊಸ ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಝಣಝಣ ಎನ್ನುತ್ತ ಬಹಳ ಹೊತ್ತು ಉಳಿಯುತ್ತದೆ. ತುಮಕೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಹದಿನೈದು ಲಕ್ಷದ ಕಾರು ಕೊಂಡವರೂ ಒಂದು ಜೊತೆ ಸ್ಪೀಕರಿಗೆ ಲಕ್ಷ ಎಂದರೆ ನಕ್ಕು ಮಾತು ಬದಲಿಸುವುದಕ್ಕೆ ಅರ್ಧ ಉತ್ತರ ಆ ಚಪ್ಪಾಳೆಯಲ್ಲೇ ಇದೆ. ಲಕ್ಷದ ಬಹುಪಾಲನ್ನು ಹಾಲ್ ನುಂಗುತ್ತದೆ.

ಚಪ್ಪಾಳೆ ನಿಂತ ಮೇಲೂ ಉಳಿಯುವ ಸದ್ದಿನ ಆ ಬಾಲದ ಉದ್ದಕ್ಕೆ ಅನುರಣನ ಕಾಲ ಎಂದು ಹೆಸರು. ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ 1895ರಿಂದ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು, ತೆಗೆದು, ಮತ್ತೆ ಹಾಸಿ ಕಂಡುಕೊಂಡ ಸೂತ್ರ ಇದು: ಸಮಯ = 0.161 × ಕೋಣೆಯ ಘನ ಅಳತೆ ÷ ಒಟ್ಟು ಹೀರಿಕೆ. 30×40 ಸೈಟಿನ ಮನೆಯಲ್ಲಿ ಹಾಲ್ 12×15 ಅಡಿ, ಎತ್ತರ 10 ಅಡಿ ಎಂದುಕೊಳ್ಳಿ. ಘನ ಅಳತೆ ಸುಮಾರು 51 ಘನ ಮೀಟರ್. ಗೋಡೆ, ನೆಲ, ಮೋಲ್ಡು ಎಲ್ಲ ಸೇರಿ ಸುಮಾರು 84 ಚದರ ಮೀಟರ್. ಸಿಮೆಂಟ್ ಗಾರೆ, ಗ್ರಾನೈಟ್, ಟೈಲ್ಸ್ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರರಷ್ಟನ್ನು ಹೀರಿದರೆ ಹೆಚ್ಚು. ಹಾಗಾಗಿ ಒಟ್ಟು ಹೀರಿಕೆ 2.5, ಸಮಯ 3 ಸೆಕೆಂಡಿಗೂ ಮೇಲೆ. ಸೋಫಾ, ಕರ್ಟನ್ ಬಂದು ಹೀರಿಕೆ 6ಕ್ಕೆ ಏರಿದರೂ 1.4 ಸೆಕೆಂಡು. ಸಂಗೀತ ಬಿಡಿಬಿಡಿಯಾಗಿ ಕೇಳಲು ಬೇಕಾದ್ದು 0.4ರಿಂದ 0.5. ಅಂದರೆ ಹೀರಿಕೆ 16ರ ಆಸುಪಾಸಿನಲ್ಲಿರಬೇಕು, ನಮ್ಮಲ್ಲಿ 10 ಕಡಿಮೆ. ಈ ಕೊರತೆಯನ್ನು ಯಾವ ಸ್ಪೀಕರೂ ತುಂಬಿಕೊಡುವುದಿಲ್ಲ.

ಹಳೆಯ ನಾಡಹೆಂಚಿನ ಮನೆಗಳಲ್ಲಿ ಈ ತೊಂದರೆ ಅಷ್ಟಿರಲಿಲ್ಲ. ಸೂರು ಓರೆ, ಹೆಂಚಿನ ಸಂದಿಯಲ್ಲಿ ಸದ್ದು ಹೊರಗೆ ಸೋರುತ್ತಿತ್ತು, ಮೂಲೆಯಲ್ಲಿ ರಾಗಿ ಮೂಟೆ. ಕೋಲಾರ ಸೀಮೆಯ ಕಲ್ಲು ಚಪ್ಪಡಿ ಮನೆಯ ಕಥೆ ಬೇರೆ. ಅದು ಮೋಲ್ಡಿನ ಮನೆಯ ಅಣ್ಣ.

ಬಾಲ ಕತ್ತರಿಸಿದರೂ ಕೆಳಸ್ವರಗಳ, ಅಂದರೆ ಬೇಸ್‌ನ ಸಮಸ್ಯೆ ಉಳಿಯುತ್ತದೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ನಿಂತುಬಿಡುತ್ತವೆ. ಮೊದಲನೆಯದರ ಆವರ್ತನ = 343 ÷ (2 × ಗೋಡೆಗಳ ಅಂತರ ಮೀಟರಿನಲ್ಲಿ). 15 ಅಡಿಗೆ 37.5 ಹರ್ಟ್ಸ್, ಅದರ ದುಪ್ಪಟ್ಟು 75 ಕೂಡ ನಿಲ್ಲುತ್ತದೆ. 12 ಅಡಿಗೆ 47. 10 ಅಡಿಗೆ 56. 10×10 ಅಡಿಯ ರೂಮು, ಎತ್ತರವೂ 10 ಎಂದಾದರೆ ಮೂರೂ 56 ಹರ್ಟ್ಸ್‌ನಲ್ಲೇ ಬಂದು ಕೂರುತ್ತವೆ. ಅಂಥ ರೂಮಿನಲ್ಲಿ ತಮಟೆಯೂ ಒಂದೇ, ಬೇಸ್ ಗಿಟಾರೂ ಒಂದೇ, ಎಲ್ಲಕ್ಕೂ "ಗುಂ". ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಚೌಕದ ರೂಮು ಕೈಬಿಡಿ.

ನಿಂತ ಸ್ವರಗಳ ಒತ್ತಡ ಗೋಡೆಯ ಹತ್ತಿರ ಗರಿಷ್ಠ. ನಮ್ಮ ಮನೆಗಳಲ್ಲಿ ಸೋಫಾ ಇರುವುದೂ ಅಲ್ಲೇ. 15 ಅಡಿಯ ಹಾಲ್‌ನಲ್ಲಿ ಕೂರುವ ಜಾಗವನ್ನು ಹಿಂದಿನ ಗೋಡೆಯಿಂದ 3 ಅಡಿ ಮುಂದೆ ತಂದರೆ, ಲೆಕ್ಕದ ಪ್ರಕಾರ, 75 ಹರ್ಟ್ಸ್‌ನ ಉಬ್ಬು ಸುಮಾರು 10 ಡೆಸಿಬೆಲ್ ಇಳಿಯುತ್ತದೆ. ಖರ್ಚು ಸೊನ್ನೆ. ಸರಿಯಾಗಿ ಹಾಲ್‌ನ ನಡುಮಧ್ಯಕ್ಕೆ ತರಬೇಡಿ, ಅಲ್ಲಿ 37.5 ಹರ್ಟ್ಸ್ ಮಾಯವಾಗಿ ಬೇಸ್ ತೆಳ್ಳಗಾಗುತ್ತದೆ.

ಗೋಡೆಗೆ ಒಂದಿಂಚಿನ ಫೋಮ್, ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಒಂದಿಂಚು ಅದಕ್ಕೆ ಲೆಕ್ಕಕ್ಕೇ ಇಲ್ಲ. ತೆಳು ಫೋಮ್ ಮೇಲಿನ ಸ್ವರಗಳನ್ನಷ್ಟೇ ತಿಂದು, ಸದ್ದು ಮಂಕಾಗಿಯೂ ಗುಂ ಎಂದೂ ಕೇಳಿಸುವಂತೆ ಮಾಡುತ್ತದೆ, ಎರಡೂ ಕೇಡು ಒಟ್ಟಿಗೆ. ದಪ್ಪ ಹತ್ತಿ ಹಾಸಿಗೆಯನ್ನೋ ನಾಲ್ಕಿಂಚಿನ ನಾರಿನ ಹಾಸಿಗೆಯನ್ನೋ (ತಿಪಟೂರು ಸೀಮೆಯಲ್ಲಿ ತೆಂಗಿನ ನಾರಿಗೇನು ಬರ?) ಗೋಡೆಯಿಂದ ನಾಲ್ಕಿಂಚು ಬಿಟ್ಟು ನಿಲ್ಲಿಸಿದರೆ ಹಿಡಿತ ಇನ್ನಷ್ಟು ಕೆಳಗಿನ ಸ್ವರಗಳಿಗೆ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು? ನೀವು ಕೂತಿರಿ; ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ, ಅಂದರೆ ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುವ ಜಾಗ; ಹಾಸಿಗೆ ಅಲ್ಲಿ.

ಇನ್ನು ಯಂತ್ರ. 1982ರಲ್ಲಿ ಸಿಡಿ ಬಂದಾಗಲೇ 16 ಬಿಟ್, 44.1 ಕಿಲೋಹರ್ಟ್ಸ್ ಮನುಷ್ಯನ ಕಿವಿಗೆ ಸಾಕಾಗಿತ್ತು; ಇವತ್ತು ಅಷ್ಟು ಗುಣಮಟ್ಟ ಫೋನಿನಲ್ಲೇ ಇದೆ. ಆಂಪ್ಲಿಫಯರ್ ಲೆಕ್ಕ ಹೀಗೆ: 86 ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ 86. 3 ಮೀಟರ್ ದೂರ ಕೂತರೆ 9.5 ಕಳೆಯಿರಿ, ಸ್ಪೀಕರ್ ಎರಡಾದ್ದಕ್ಕೆ 3 ಕೂಡಿಸಿ: ಸುಮಾರು 80. ಸಂಜೆ ಹೊತ್ತು ಆರಾಮಾಗಿ ಕೇಳುವುದು 70ರಲ್ಲಿ, ಅದಕ್ಕೆ ವ್ಯಾಟಿನ ಹತ್ತನೇ ಒಂದು ಪಾಲು ಸಾಕು. ಮೃದಂಗದ ಜೋರು ಪೆಟ್ಟು 95ಕ್ಕೆ ಜಿಗಿದರೂ 32 ವ್ಯಾಟ್. ಪ್ರಾಮಾಣಿಕ 50 ವ್ಯಾಟ್ ಧಾರಾಳ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಟಿಪಿಎ 3116 ಚಿಪ್‌ನ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ 5000 ವ್ಯಾಟ್ ಪಿಎಂಪಿಒ (ಮಾರಾಟಕ್ಕೆಂದು ಉಬ್ಬಿಸಿದ ಅಂಕಿ) ಎಂದು ಬರೆದದ್ದನ್ನು ಓದಿ ನಕ್ಕು ಮುಂದೆ ಹೋಗಿ.

ತಂತಿಯದೂ ಇದೇ ಹಾಡು. ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ವೈರು 5 ಮೀಟರ್ ಎಳೆದರೆ ಹೋಗಿಬರುವ ದಾರಿ 10 ಮೀಟರ್, ರೋಧ 0.12 ಓಮ್. 8 ಓಮ್ ಸ್ಪೀಕರಿನಲ್ಲಿ ನಷ್ಟ 0.13 ಡೆಸಿಬೆಲ್, ಕಿವಿಗೆ ಗೊತ್ತಾಗದು. ಸಾವಿರಾರು ರೂಪಾಯಿಯ ಕೇಬಲ್ ಮಾರುವವರು ಈ ಹವ್ಯಾಸಕ್ಕೆ ಮಾಡಿದಷ್ಟು ಕೇಡು ಇನ್ನಾರೂ ಮಾಡಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಗಿರಾಕಿ ನಿಜವನ್ನೂ ನಂಬುವುದಿಲ್ಲ.

ಕೇಳಿ ನೋಡಿಯೇ ಕೊಳ್ಳೋಣವೆಂದರೆ ಬೆಂಗಳೂರಿಗೆ ಅರವತ್ತೆಪ್ಪತ್ತು ಕಿಲೋಮೀಟರ್ ಪ್ರಯಾಣ, ಅಂಗಡಿಯಲ್ಲಿ ಕಾರ್ಪೆಟ್ ಹಾಸಿದ ಬೇರೆಯೇ ಕೋಣೆ. ಅಲ್ಲಿ ಕೇಳಿದ್ದು ಮನೆಗೆ ಬರುವುದಿಲ್ಲ. ಸಾಲದ್ದಕ್ಕೆ, ಸದ್ದು ಏರಿದಂತೆ ಬೇಸ್ ಹೆಚ್ಚು ಕೇಳಿಸುತ್ತದೆ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದಿದ್ದರು. ಎರಡು ಸ್ಪೀಕರ್ ಹೋಲಿಸುವಾಗ ಒಂದು ಬರೀ 1 ಡೆಸಿಬೆಲ್ ಜೋರಿದ್ದರೂ "ಇದೇ ಚೆನ್ನಾಗಿದೆ" ಅನ್ನಿಸುತ್ತದೆ. ಫೋನಿನ ಮೀಟರ್ ಆ್ಯಪ್‌ನಲ್ಲಾದರೂ ಎರಡನ್ನೂ ಸಮ ಮಾಡಿಸಿಯೇ ಕೇಳಿ.

ಕಡೆಗೆ ಮನೆಯ ರಾಜಕೀಯ. ಸ್ಪೀಕರ್ ಎರಡು ಮತ್ತು ಕೇಳುವ ಕಿವಿ ಸಮಬಾಹು ತ್ರಿಕೋನದಲ್ಲಿರಬೇಕು, ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಸ್ಪೀಕರ್) ನೆಲದಿಂದ 3 ಅಡಿ ಎತ್ತರದಲ್ಲಿ. ಆ ತುದಿಯಲ್ಲಿ ಹಿಡಿಸುವುದು ಒಬ್ಬರು. ಅದೇ ಹಾಲ್‌ನಲ್ಲಿ ಟಿವಿ ಧಾರಾವಾಹಿ, ಮಕ್ಕಳ ಹೋಮ್‌ವರ್ಕ್, ಬಂದುಹೋಗುವ ನೆಂಟರು. ಸೌಂಡ್‌ಬಾರ್ ಟಿವಿಯಡಿ ಸುಮ್ಮನೆ ಕೂರುತ್ತದೆ, ಆರು ಜನಕ್ಕೂ ಸಾಕಷ್ಟು ಕೇಳಿಸುತ್ತದೆ, ಗೆಲ್ಲುವುದು ಅದೇ. ಎಲ್ಲರೂ ಮಲಗಿದ ಮೇಲೆ ಕೇಳೋಣವೆಂದರೆ, ಜನವಸತಿಯಲ್ಲಿ ರಾತ್ರಿ 10ರ ಮೇಲೆ ಮಿತಿ 45 ಡೆಸಿಬೆಲ್.

ಸೋಫಾದ ಪ್ರಯೋಗ ಮಾಡುವುದಾದರೆ 20ರಿಂದ 200 ಹರ್ಟ್ಸ್‌ವರೆಗೆ ಸ್ವರ ನಿಧಾನವಾಗಿ ಏರುತ್ತ ಹೋಗುವ ಸ್ವೀಪ್ ಹಾಕಿ. ಮೊದಲು ಗೋಡೆಗೊರಗಿ, ಆಮೇಲೆ ಅರ್ಧರ್ಧ ಅಡಿ ಮುಂದೆ ಸರಿದು, ಎಲ್ಲಿ ಉಬ್ಬು ಕಡಿಮೆಯೋ ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಗುರುತಿಲ್ಲದಿದ್ದರೆ ಬೆಳಗ್ಗೆ ಕಸ ಗುಡಿಸಿ ನೆಲ ಒರೆಸುವ ಹೊತ್ತಿಗೆ ಸೋಫಾ ಮತ್ತೆ ಗೋಡೆ ಸೇರಿರುತ್ತದೆ.