ಮದ್ದು ಕಮ್ಮಿ ಹಾಕಿದರೆ ಹೊಡೆತ ಮೆತ್ತಗಾಗುತ್ತದಾ?

ದೊಡ್ಡ ರಿವಾಲ್ವರ್ ಕೈಯಲ್ಲಿ ಸಿಕ್ಕಾಪಟ್ಟೆ ಒದೆಯುತ್ತದೆ, ಗುರಿ ನಿಲ್ಲುತ್ತಿಲ್ಲ. ಏನು ಮಾಡುವುದು? ತಟ್ಟನೆ ಬರುವ ಉತ್ತರ ಒಂದೇ: ತೋಟಾದಲ್ಲಿ ಮದ್ದು ಕಮ್ಮಿ ಹಾಕು. ಕೇಳೋಕೆ ಸರಿಯಾಗೇ ಇದೆ ಅಲ್ವಾ? ಆದರೆ ಯಾವ ಮದ್ದು ಅಂತ ಕೇಳದೆ ಈ ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲವು ಮದ್ದುಗಳನ್ನು ಕಮ್ಮಿ ಹಾಕಿದರೆ ಹೊಡೆತ ಮೆತ್ತಗಾಗುವುದಿಲ್ಲ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಇನ್ನೊಂದು ಗುಂಡು ಹೊಡೆದರೆ ನಳಿಗೆ ಊದಿಕೊಳ್ಳುತ್ತದೆ ಅಥವಾ ಸಿಡಿಯುತ್ತದೆ.

ನಾನು ಹೇಳುತ್ತಿರುವುದು .44 ಮ್ಯಾಗ್ನಂ ಎಂಬ ಅಮೆರಿಕದ ತೋಟಾದ ಬಗ್ಗೆ. ಅಲ್ಲಿ ಗುರಿ ಅಭ್ಯಾಸ ಮಾಡುವ ತುಂಬಾ ಜನ ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಎತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲೇ ಹೊಸ ಪ್ರೈಮರ್ (ಬಡಿತಕ್ಕೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು) ಕೂರಿಸಿ, ಮದ್ದು ತೂಗಿ ಹಾಕಿ, ಸೀಸದ ಗುಂಡು ಒತ್ತಿ ಮತ್ತೆ ಬಳಸುತ್ತಾರೆ. ಅಲ್ಲಿ ಅದು ಹಳೆಯ, ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಹಾಗಾಗಿ ಎಷ್ಟು ಮದ್ದು, ಯಾವ ಅಳತೆ ಎಂಬ ಪಾಕವಿಧಾನ ಇಲ್ಲಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಆ ಕೊಳವೆಯೊಳಗೆ ನಡೆಯುವ ಭೌತಶಾಸ್ತ್ರ.

ಮೊದಲು ಒದೆತದ ಲೆಕ್ಕ ನೋಡೋಣ. ಗುಂಡಿನ ತೂಕ 15.5 ಗ್ರಾಂ, ರಿವಾಲ್ವರ್ 1.3 ಕೆಜಿ ಅಂದುಕೊಳ್ಳಿ. ಪೂರ್ತಿ ಬಲದ ತೋಟಾದಲ್ಲಿ ಗುಂಡು ಸೆಕೆಂಡಿಗೆ ಸುಮಾರು 420 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುಂಡಿನ ಲೆಕ್ಕ ಮಾತ್ರ ಹಿಡಿದರೂ ರಿವಾಲ್ವರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಕೈ ತಡೆಯಬೇಕಾದ ಶಕ್ತಿ 16 ಜೂಲ್. ಗುಂಡಿನ ವೇಗವನ್ನು 260 ಮೀಟರಿಗೆ ಇಳಿಸಿದರೆ ಈ ಶಕ್ತಿ 6 ಜೂಲ್ ಆಸುಪಾಸಿಗೆ ಬರುತ್ತದೆ. ವೇಗ ಅರ್ಧವೂ ಇಳಿದಿಲ್ಲ, ಒದೆತ ಮಾತ್ರ ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ನಳಿಗೆಯಿಂದ ನುಗ್ಗುವ ಅನಿಲವನ್ನೂ ಸೇರಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಕಾಗದಕ್ಕೆ ತೂತು ಮಾಡಲು 260 ಮೀಟರ್ ಧಾರಾಳ ಸಾಕು. ಅದು ಶಬ್ದದ ವೇಗಕ್ಕಿಂತ ಕಮ್ಮಿ, ಹಾಗಾಗಿ ಗುಂಡು ಗಾಳಿ ಸೀಳುವ ಛಟೀರ್ ಸದ್ದೂ ಇರುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಕೊಳವೆಯ ಗಾತ್ರದಲ್ಲಿದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1870ರ ದಶಕದಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿ ರಷ್ಯಾದ ಸೈನ್ಯಕ್ಕಾಗಿ .44 ರಷ್ಯನ್ ತೋಟಾ ಮಾಡಿತು. ಅದರ ಕೊಳವೆ 24.6 ಮಿಲಿಮೀಟರ್ ಉದ್ದ, ಒಳಗೆ ಕರಿ ಮದ್ದು. ಕರಿ ಮದ್ದು ಉರಿದರೆ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆ, ಮಸಿಯಾಗಿ ಹೋಗುತ್ತದೆ. ಬಲ ಬೇಕೆಂದರೆ ಕೊಳವೆ ತುಂಬಾ ತುಂಬಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದು ಕಂಡುಹಿಡಿದ. ಅದು ಹೆಚ್ಚುಕಮ್ಮಿ ಪೂರ್ತಿ ಅನಿಲವಾಗುತ್ತದೆ, ಹಾಗಾಗಿ ಸ್ವಲ್ಪವೇ ಸಾಕು. ಆದರೂ 1907ರಲ್ಲಿ ಬಂದ .44 ಸ್ಪೆಷಲ್ ತೋಟಾದ ಕೊಳವೆ ಚಿಕ್ಕದಾಗಲಿಲ್ಲ, 29.5 ಮಿಲಿಮೀಟರಿಗೆ ಬೆಳೆಯಿತು. ಅಮೆರಿಕದ ಐಡಾಹೋ ರಾಜ್ಯದ ಬಂದೂಕು ಬರಹಗಾರ ಎಲ್ಮರ್ ಕೀತ್ ವರ್ಷಾನುಗಟ್ಟಲೆ ಇದೇ ತೋಟಾಕ್ಕೆ ಭಾರಿ ಮದ್ದು ತುಂಬಿ ಹೊಡೆಯುತ್ತಿದ್ದರು, ಕಂಪನಿಗಳೂ ಅಂಥದ್ದನ್ನೇ ಮಾಡಲಿ ಎಂದು ಬೆನ್ನು ಹತ್ತಿದರು. 1956ರಲ್ಲಿ ರೆಮಿಂಗ್ಟನ್ ಮತ್ತು ಸ್ಮಿತ್ ಆಂಡ್ ವೆಸನ್ ಸೇರಿ .44 ಮ್ಯಾಗ್ನಂ ಮಾರುಕಟ್ಟೆಗೆ ತಂದವು. ಕೊಳವೆ ಇನ್ನೂ ಮೂರು ಮಿಲಿಮೀಟರ್ ಉದ್ದವಾಯಿತು. ಕಾರಣ ಸುರಕ್ಷತೆ. ಹಳೆಯ ದುರ್ಬಲ ರಿವಾಲ್ವರಿಗೆ ಹೊಸ ತೋಟಾ ಕೂರಲೇಬಾರದು. ಸ್ಪೆಷಲ್‌ನ ಗರಿಷ್ಠ ಒತ್ತಡದ ಮಿತಿ 15,500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಮ್ಯಾಗ್ನಂನದು 36,000. ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 2,450 ಪಟ್ಟು.

ಹಾಗಿದ್ದರೆ ಮ್ಯಾಗ್ನಂ ರಿವಾಲ್ವರಿನಲ್ಲಿ ಸುಮ್ನೆ ಸ್ಪೆಷಲ್ ತೋಟಾ ಹೊಡೆದರಾಯಿತಲ್ಲ? ಹೊಡೆಯಬಹುದು, ಸರಿಯಾಗಿ ಕೂರುತ್ತದೆ. ಆದರೆ ಗಿಡ್ಡ ಕೊಳವೆಯ ಮುಂದೆ ಮಸಿಯ ಬಳೆ ಕಟ್ಟಿಕೊಳ್ಳುತ್ತದೆ. ತೊಳೆಯದೆ ಬಿಟ್ಟರೆ ಆಮೇಲೆ ಉದ್ದದ ತೋಟಾ ಒಳಗೆ ಹೋಗಲು ತಕರಾರು ಮಾಡುತ್ತದೆ. ಅದಕ್ಕೇ ಬಹಳ ಜನ ಮ್ಯಾಗ್ನಂ ಕೊಳವೆಗೇ ಮೆತ್ತನೆಯ ಮದ್ದು ತುಂಬಲು ಹೋಗುತ್ತಾರೆ. ದೊಡ್ಡ ಕೊಳವೆ, ಚೂರು ಮದ್ದು. ಉಳಿದದ್ದೆಲ್ಲ ಖಾಲಿ ಜಾಗ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಹೊಗೆರಹಿತ ಮದ್ದಿನ ಒಂದು ಚಿಟಿಕೆ ಬಯಲಲ್ಲಿ ಉರಿದರೆ ಢಂ ಅನ್ನುವುದಿಲ್ಲ. ಹಳದಿ ಜ್ವಾಲೆ ಎದ್ದು ಬುಸ್ಸೆಂದು ಉರಿದುಹೋಗುತ್ತದೆ, ಅಷ್ಟೇ. ಅದೇ ಮದ್ದು ಮುಚ್ಚಿದ ಕೊಳವೆಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಗುಂಡನ್ನು ಹೊರದಬ್ಬುತ್ತದೆ. ಯಾಕೆ? ಮದ್ದು ಉರಿಯುವ ವೇಗ ಒತ್ತಡವನ್ನು ಅವಲಂಬಿಸಿದೆ. ಒತ್ತಡ ಜಾಸ್ತಿಯಾದರೆ ಬಿಸಿ ಅನಿಲ ಕಾಳಿನ ಮೈಗೆ ಅಂಟಿಕೊಂಡೇ ಇರುತ್ತದೆ, ಶಾಖ ಬೇಗ ಒಳಗಿಳಿಯುತ್ತದೆ, ಕಾಳು ಬೇಗ ಉರಿಯುತ್ತದೆ. ಬೇಗ ಉರಿದರೆ ಅನಿಲ ಜಾಸ್ತಿ, ಅನಿಲ ಜಾಸ್ತಿಯಾದರೆ ಒತ್ತಡ ಇನ್ನೂ ಜಾಸ್ತಿ. ಈ ನಿಯಮವನ್ನು ಸೂತ್ರಕ್ಕೆ ಇಳಿಸಿದವನೂ ಅದೇ ವಿಯೆಯ್. ಕೋವಿಯ ಮದ್ದುಗಳಲ್ಲಿ ಒತ್ತಡ ಎರಡು ಪಟ್ಟಾದರೆ ಉರಿಯುವ ವೇಗವೂ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ.

ಇದನ್ನು ತಡೆಯುವುದು ಒಂದೇ: ಗುಂಡು ಮುಂದೆ ಸರಿಯುವುದು. ಗುಂಡು ಸರಿದಷ್ಟೂ ಅನಿಲಕ್ಕೆ ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ತೋಟಾದ ಇಡೀ ಕಥೆ ಈ ಎರಡರ ಓಟ. ಬೆಂಕಿ ಗೆದ್ದರೆ ಒತ್ತಡ ಏರುತ್ತದೆ, ಗುಂಡು ಗೆದ್ದರೆ ಬೆಂಕಿ ಸೊರಗುತ್ತದೆ.

ಹೀಗಾಗಿ ಮದ್ದುಗಳಲ್ಲಿ ಬೇಗ ಉರಿಯುವ ಜಾತಿ, ನಿಧಾನ ಉರಿಯುವ ಜಾತಿ ಅಂತ ಇವೆ. ಬಚ್ಚಲ ಒಲೆಗೆ ಬೆಂಕಿ ಹಾಕಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ತೆಂಗಿನ ಗರಿ ಒಂದೇ ಇದ್ದರೂ ಭಗ್ಗನೆ ಹತ್ತಿ ಉರಿದುಹೋಗುತ್ತದೆ, ದಪ್ಪ ಕೊರಡು ಹಾಗಲ್ಲ, ಪಕ್ಕದಲ್ಲಿ ಇನ್ನೆರಡು ಕೊರಡಿನ ಕಾವು ಇದ್ದರೆ ಮಾತ್ರ ಉರಿಯುತ್ತದೆ, ಒಂಟಿಯಾಗಿ ಎಳೆದಿಟ್ಟರೆ ಹೊಗೆಯಾಡಿ ಆರುತ್ತದೆ. ಮ್ಯಾಗ್ನಂನ ಪೂರ್ತಿ ಬಲಕ್ಕೆ ಬಳಸುವ ಎಚ್110, ವಿಂಚೆಸ್ಟರ್ 296ರಂಥ ಮದ್ದುಗಳು ಕೊರಡಿನ ಜಾತಿ. ಕೊಳವೆ ತುಂಬಿರಬೇಕು, ಗುಂಡನ್ನು ಕೊಳವೆಯ ಬಾಯಿ ಗಟ್ಟಿಯಾಗಿ ಹಿಡಿದಿರಬೇಕು. ಆಗ ಮಾತ್ರ ಅವಕ್ಕೆ ಬೇಕಾದ ಒತ್ತಡ ಕಟ್ಟುತ್ತದೆ. ಕಮ್ಮಿ ಹಾಕಿದರೆ ಒತ್ತಡ ಸಾಲದೆ ಬೆಂಕಿ ನಿಧಾನವಾಗುತ್ತದೆ, ಅಷ್ಟರಲ್ಲಿ ಗುಂಡು ಮುಂದೆ ಸರಿದು ಒತ್ತಡ ಮತ್ತೂ ಇಳಿಯುತ್ತದೆ, ಬೆಂಕಿ ಆರಿಹೋಗುತ್ತದೆ. ಇವನ್ನು ಹೇಳಿದ್ದಕ್ಕಿಂತ ಶೇಕಡಾ 3ಕ್ಕಿಂತ ಜಾಸ್ತಿ ಇಳಿಸಬೇಡಿ ಎಂದು ಮಾರುವವರೇ ಎಚ್ಚರಿಸುವುದು ಸುಮ್ನೆ ಅಲ್ಲ.

ನಮ್ಮ ಮೈಸೂರಿನ ರಾಕೆಟ್‌ಗಳ ಹಿಂದೆಯೂ ಇದೇ ನಿಯಮ ಇದೆ. ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್‌ಗಳ ವಿಶೇಷ ಅವುಗಳ ಕಬ್ಬಿಣದ ಕೊಳವೆ. ಕಾಗದ, ಬಿದಿರು ಸಿಡಿದುಹೋಗುವ ಒತ್ತಡವನ್ನು ಕಬ್ಬಿಣ ತಡೆಯಿತು. ಒತ್ತಡ ಜಾಸ್ತಿಯಾಗಿದ್ದಕ್ಕೆ ಮದ್ದು ಬೇಗ ಉರಿದು ರಾಕೆಟ್ ದೂರ ಹೋಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಅವುಗಳಲ್ಲಿ ನಾವು ನೋಡಬೇಕಾದದ್ದು ಪವಾಡವನ್ನಲ್ಲ, ಕಬ್ಬಿಣದ ಕೆಲಸವನ್ನು.

ತೋಟಾಕ್ಕೆ ವಾಪಸ್ ಬರೋಣ. ಮೆತ್ತನೆಯ ಹೊಡೆತಕ್ಕೆ ಗರಿಯ ಜಾತಿಯ ಮದ್ದು ಬೇಕು. ಶತಮಾನಕ್ಕಿಂತ ಹಳೆಯ ಬುಲ್ಸ್‌ಐ, ಯೂನಿಕ್ ಇಂಥವು. ಇವು ಕಮ್ಮಿ ಒತ್ತಡದಲ್ಲೂ ಚೆನ್ನಾಗಿ ಉರಿಯುತ್ತವೆ. ಆದರೆ ಇಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಮದ್ದು ಕೊಳವೆಯ ತಳದಲ್ಲಿ ಚೂರೇ ಚೂರು ಇರುತ್ತದೆ. ಮರೆತು ಎರಡನೇ ಸಲ ಸುರಿದರೂ ತುಳುಕುವುದಿಲ್ಲ, ಮೇಲಿಂದ ಗೊತ್ತಾಗುವುದೂ ಇಲ್ಲ. ಎರಡು ಪಟ್ಟು ಮದ್ದು ಅಂದರೆ ಎರಡು ಪಟ್ಟು ಒತ್ತಡ ಅಂತ ಅಂದುಕೊಳ್ಳಬೇಡಿ. ಒತ್ತಡ ಬೆಂಕಿಯನ್ನು, ಬೆಂಕಿ ಒತ್ತಡವನ್ನು ಏರಿಸುವುದರಿಂದ ಅದು ಎರಡು ಪಟ್ಟನ್ನು ದಾಟಿ ಹೋಗುತ್ತದೆ. ಹಾಗಾಗಿ ಬಲ್ಲವರು ಗುಂಡು ಕೂರಿಸುವ ಮೊದಲು ಎಲ್ಲಾ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡುತ್ತಾರೆ. ಇದಕ್ಕಾಗಿಯೇ ಟ್ರೇಲ್ ಬಾಸ್ ಎಂಬ ಮದ್ದು ಮಾಡಿದರು. ಅದರ ಕಾಳುಗಳು ನಡುವೆ ತೂತಿರುವ ಬಳೆಯಂತಿವೆ, ತೂಕ ಕಮ್ಮಿ ಇದ್ದರೂ ಜಾಗ ತುಂಬುತ್ತವೆ. ನನ್ನ ಪ್ರಕಾರ ಇದು ಬಹಳ ಜಾಣತನದ ವಿನ್ಯಾಸ.

ಗುಂಡಿನ ಬಗ್ಗೆಯೂ ಒಂದು ಮೂಢನಂಬಿಕೆ ಇದೆ, ಸೀಸ ಗಟ್ಟಿಯಾದಷ್ಟೂ ಒಳ್ಳೆಯದು ಅಂತ. ಶುದ್ಧ ಸೀಸದ ಗಡಸುತನ ಬ್ರಿನೆಲ್ ಅಳತೆಯಲ್ಲಿ 5 ಆಸುಪಾಸು. ಲೈನೋಟೈಪ್ ಎಂಬ ಹಳೇ ಅಚ್ಚು ಯಂತ್ರಕ್ಕೆ ಬಳಸುತ್ತಿದ್ದ ಲೋಹದ್ದು 22. ಅದರಲ್ಲಿ ಶೇಕಡಾ 84 ಸೀಸ, 12 ಆಂಟಿಮನಿ, 4 ತವರ. ನಮ್ಮ ಹಳೇ ಪ್ರೆಸ್ಸುಗಳ ಅಚ್ಚುಮೊಳೆಯೂ ಇದೇ ಕುಟುಂಬದ ಲೋಹ. ಗುಂಡಿನ ಹಿಂಭಾಗ ಒತ್ತಡಕ್ಕೆ ಸ್ವಲ್ಪ ಅಗಲವಾಗಿ ನಳಿಗೆಯನ್ನು ಬಿಗಿಯಾಗಿ ಮುಚ್ಚಬೇಕು. ಮೆತ್ತನೆಯ ಮದ್ದಿನ ಒತ್ತಡಕ್ಕೆ ಲೈನೋಟೈಪಿನ ಗುಂಡು ಜಗ್ಗುವುದೇ ಇಲ್ಲ. ಅಳತೆ ಚೂರು ಸಡಿಲವಿದ್ದರೂ ಸಂದಿನಲ್ಲಿ ಬಿಸಿ ಅನಿಲ ನುಗ್ಗಿ ಗುಂಡಿನ ಅಂಚನ್ನು ಕೊರೆಯುತ್ತದೆ, ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ಕಂಡವರು ಗುಂಡು ಸಾಕಷ್ಟು ಗಟ್ಟಿಯಿಲ್ಲ ಅಂದುಕೊಂಡು ಇನ್ನೂ ಗಟ್ಟಿ ಮಾಡುತ್ತಾರೆ! ಗುಂಡಿನ ಅಳತೆ ನಳಿಗೆಗೆ ಸರಿಯಾಗಿ ಹೊಂದಬೇಕು, ಮೆತ್ತನೆಯ ಹೊಡೆತಕ್ಕೆ ಮೆತ್ತನೆಯ ಸೀಸ ಇರಬೇಕು.

ಇನ್ನು ಖಾಲಿ ಜಾಗದ ಕಥೆ. ನಳಿಗೆ ಮೇಲೆತ್ತಿ ಇಳಿಸಿ ಹೊಡೆದರೆ ಮದ್ದು ಹಿಂದೆ ಪ್ರೈಮರ್ ಹತ್ತಿರ ಇರುತ್ತದೆ, ಬೇಗ ಹತ್ತುತ್ತದೆ. ಕೆಳಗೆ ಬಗ್ಗಿಸಿ ಎತ್ತಿದರೆ ಗುಂಡಿನ ಹತ್ತಿರ ಜಾರಿರುತ್ತದೆ, ಆಗ ವೇಗ ಕಮ್ಮಿ. ಸೆಕೆಂಡಿಗೆ 260 ಮೀಟರ್ ಬದಲು 240 ಬಂತು ಅಂದುಕೊಳ್ಳಿ. ಅಮೆರಿಕದ ಸ್ಪರ್ಧೆಗಳ 50 ಗಜದ ಗುರಿಯಲ್ಲಿ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, ನಿಧಾನದ ಗುಂಡು ಸುಮಾರು 2.6 ಸೆಂಟಿಮೀಟರ್ ಜಾಸ್ತಿ ಕುಸಿಯುತ್ತದೆ. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 8.5 ಸೆಂಟಿಮೀಟರ್ ಮಾತ್ರ.

ಈ ವೇಗ ಅಳೆಯುವ ದಾರಿ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತು ಎಂಬುದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಅದನ್ನು ಅವನು ಪ್ರಕಟಿಸಿದ್ದು 1742ರಲ್ಲಿ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ಕಡೆಗೇ ಬಂದ, 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ತೀರಿಕೊಂಡ. ಈಗ ದಿಮ್ಮಿ ಬೇಕಿಲ್ಲ. ಕ್ರೋನೋಗ್ರಾಫ್ ಎಂಬ ಯಂತ್ರದ ಎರಡು ಬೆಳಕಿನ ಕಣ್ಣುಗಳ ನಡುವೆ ಗುಂಡು ಹಾದರೆ ವೇಗ ಗೊತ್ತಾಗುತ್ತದೆ. ಮೆತ್ತನೆಯ ತೋಟಾ ಮಾಡುವವರು ನಳಿಗೆ ಮೇಲೆತ್ತಿ ಕೆಲವು, ಕೆಳಗೆ ಬಗ್ಗಿಸಿ ಕೆಲವು ಹೊಡೆದು ಎರಡೂ ವೇಗ ಬರೆದಿಟ್ಟುಕೊಳ್ಳುತ್ತಾರೆ. ಎರಡರ ನಡುವೆ ಅಂತರ ಜಾಸ್ತಿ ಬಂದರೆ ಮದ್ದಿನ ತೂಕ ತಿದ್ದುತ್ತಾ ಕೂರುವುದಿಲ್ಲ, ಕೊಳವೆಯನ್ನು ಇನ್ನಷ್ಟು ತುಂಬುವ ಬೇರೆ ಮದ್ದಿಗೆ ಹೋಗುತ್ತಾರೆ.